ಡ್ಯಾಶ್‌ಬೋರ್ಡಿನ ಮೇಲಿನ ಹಿಮ್ಮಡಿ

ಮಾರ್ಚ್ 3, ಸೋಮವಾರ

ಕಾರಿನ ಹಿಂದಿನ ಸೀಟು ಮುಗಿಯಿತು. ವ್ಯಾಕ್ಯೂಮ್ ಹಿಡಿದು ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ. ಸೀಟಿನ ಸಂದಿಯಲ್ಲಿ ಸಿಕ್ಕಿದ್ದು — ಎರಡು ಹೇರ್‌ಪಿನ್, ಪೆನ್ನಿನ ಕ್ಯಾಪು, ಮಗಳು ಆರನೇ ಕ್ಲಾಸಿನಲ್ಲಿ ಕಳೆದುಕೊಂಡು ರಾದ್ಧಾಂತ ಮಾಡಿದ್ದ ಕೈವಾರ. ಈಗ ಅವಳು ಹತ್ತನೇ ಕ್ಲಾಸು.

ಹದಿನೆಂಟಕ್ಕೆ ಲೀಸ್ ಕಂಪನಿಯವನು ಬಂದು, ಕಾರನ್ನು ಪರೀಕ್ಷೆ ಮಾಡಿ ತೆಗೆದುಕೊಂಡು ಹೋಗುತ್ತಾನೆ. ಇವರ ಆಫೀಸಿನಲ್ಲಿ ಇನ್ನು ಯಾರಿಗೂ ಕಾರು ಕೊಡುವುದಿಲ್ಲವಂತೆ. ಗೀರು, ಕಲೆ, ತಗ್ಗು ಏನೇ ಕಂಡರೂ ಇವರ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಆ ಸಂಬಳವೋ, ಹದಿನೈದನೇ ತಾರೀಖಿಗೇ ಏದುಸಿರು ಬಿಡುತ್ತದೆ. ಆದ್ದರಿಂದ ಉಜ್ಜುವ ಕೆಲಸ ನನ್ನದು. ಇವರದು ಮೇಲ್ವಿಚಾರಣೆ — ಲಿಫ್ಟಿನ ಹತ್ತಿರ ನಿಂತು, ಜೇಬಿನಲ್ಲಿ ಕೈ ಇಟ್ಟುಕೊಂಡು.

ಡೆಂಟಲ್ ಲ್ಯಾಬಿನಲ್ಲಿ ದಿನವಿಡೀ ಕಂಡವರ ಹಲ್ಲಿನ ಸೆಟ್ಟಿಗೆ ಪಾಲಿಶ್. ಮನೆಗೆ ಬಂದರೆ ಕಾರಿಗೆ. ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ದಿನಕ್ಕೆ ಇದೊಂದು ಅರ್ಧ ಗಂಟೆ ನನ್ನದು. ಕಣ್ಣು ಎಳೆಯುತ್ತಿದೆ.

ಮಾರ್ಚ್ 5, ಬುಧವಾರ

ಡ್ರೈವರ್ ಪಕ್ಕದ ಸೀಟಿನೆದುರು, ಡ್ಯಾಶ್‌ಬೋರ್ಡಿನ ಮೇಲೆ ಎರಡು ಬಿಳಿಚು ಗುರುತು. ಅಕ್ಕಪಕ್ಕ. ಮೊದಲು ಏನೆಂದೇ ತಿಳಿಯಲಿಲ್ಲ. ಆಮೇಲೆ ಹೊಳೆಯಿತು — ಹಿಮ್ಮಡಿ! ಯಾರೋ ಹಾಯಾಗಿ ಕಾಲು ಚಾಚಿ ಕೂತಿದ್ದಾರೆ. ಅದೂ ಒಂದೆರಡು ಸಲವಲ್ಲ. ಸೋಪಿನ ನೀರಿಗೆ ಜಗ್ಗಲಿಲ್ಲ.

ಇವರು ನೇರ ಮಗಳ ಮೇಲೆ ಹಾರಿದರು. "ಕಾಲು ಎಲ್ಲಿಡ್ಬೇಕು ಅಂತ ಗೊತ್ತಾಗಲ್ವಾ ನಿಂಗೆ?"

"ನಾನು ಯಾವತ್ತಪ್ಪಾ ಮುಂದೆ ಕೂತಿದೀನಿ? ಅಲ್ಲಿ ಅಜ್ಜೀನೇ ಕೂರೋದು."

"ಅಜ್ಜಿ ಮೇಲೆ ಹಾಕ್ಬೇಡ. ಅವರಿಗೆ ಮಂಡಿ ಎತ್ತೋದಕ್ಕೇ ಆಗಲ್ಲ."

ಅತ್ತೆ ಹಾಲ್‌ನಲ್ಲಿ ತಮ್ಮ ದಿವಾನದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ಮಗಳು ರೂಮಿಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು. ಯಾರ ಪರ ಮಾತಾಡುವುದಕ್ಕೂ ನನಗೆ ತ್ರಾಣವಿರಲಿಲ್ಲ.

ಮಾರ್ಚ್ 9, ಭಾನುವಾರ

ಕೆಟ್ಟೆ.

ನಮ್ಮ ಲ್ಯಾಬಿನಲ್ಲಿ ಗೀರಿಗೆ ಮದ್ದು ಒಂದೇ. ಉಜ್ಜು, ಇನ್ನೂ ನುಣ್ಣಗೆ ಉಜ್ಜು, ಹೊಳಪು ಬರಿಸು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ, ಡ್ಯಾಶ್‌ಬೋರ್ಡ್ ಯಾವ ಲೆಕ್ಕ ಅಂದುಕೊಂಡೆ. ಪಾಲಿಶ್ ಪುಡಿ, ಉಣ್ಣೆಯ ಬಿಲ್ಲೆ ಎಲ್ಲ ತಂದು ಬೆಳಿಗ್ಗೆಯೆಲ್ಲ ಉಜ್ಜಿದೆ. ಹಿಮ್ಮಡಿ ಗುರುತು ಹೋಯಿತು. ಅದರ ಜೊತೆಗೆ ಆ ಪ್ಲಾಸ್ಟಿಕ್ಕಿನ ತರಿತರಿಯೂ ಹೋಯಿತು. ಇಡೀ ಡ್ಯಾಶ್‌ಬೋರ್ಡ್ ಮೊದಲಿನಂತೆಯೇ ಮಂಕು, ಚರ್ಮದ ಹಾಗೆ. ನಡುವೆ ಎರಡು ಅಂಗೈ ಅಗಲ ಮಾತ್ರ ಥಳಥಳ. ಕಟ್ಟಿಸಿದ ಹಲ್ಲಿನ ವಸಡು ಹೀಗಿದ್ದರೆ ಡಾಕ್ಟರು ಶಭಾಷ್ ಅನ್ನುತ್ತಿದ್ದರು.

ಮಗಳು ಬಗ್ಗಿ ನೋಡಿದಳು. "ಅಮ್ಮಾ, ಇಲ್ಲಿ ಮುಖ ಕಾಣ್ಸತ್ತೆ."

ನಗು ಬಂತು. ಆಮೇಲೆ ಅಳು ಬಂತು. ಕಾರಿನ ಬಾಗಿಲು ಹಾಕಿಕೊಂಡು ಐದು ನಿಮಿಷ ಸುಮ್ಮನೆ ಕೂತೆ. ಇವರಿಗೆ ಇನ್ನೂ ಹೇಳಿಲ್ಲ.

ಒಂದು ವಿಚಿತ್ರ. ಮೊನ್ನೆ ತಾನೇ ನೆಟ್ಟಗೆ ನಿಲ್ಲಿಸಿದ್ದ ಮುಂದಿನ ಸೀಟು ಮತ್ತೆ ಹಿಂದಕ್ಕೆ ವಾಲಿತ್ತು. ಮ್ಯಾಟಿನ ಮೇಲೆ ಏನೋ ಕೆಂಪು ಸಿಪ್ಪೆ. ವಾಚ್‌ಮನ್ ಏನಾದರೂ...? ಆದರೆ ಅವನ ಹತ್ತಿರ ಕೀ ಎಲ್ಲಿಂದ ಬರಬೇಕು.

ಮಾರ್ಚ್ 12, ಬುಧವಾರ

ಎರಡನೇ ಕೀ ಇಲ್ಲ. ಮೊಳೆಗೆ ನೇತುಹಾಕಿದ್ದದ್ದು ಯಾವಾಗಿಂದ ಇಲ್ಲವೋ ಯಾರಿಗೂ ಗೊತ್ತಿಲ್ಲ. ಎರಡೂ ಕೀ ವಾಪಸ್ ಕೊಡದಿದ್ದರೆ ಅದಕ್ಕೇ ದೊಡ್ಡ ದಂಡ. ಡ್ರಾಯರು, ಹಳೇ ಕೋಟು, ಅಡುಗೆಮನೆಯ ಡಬ್ಬಿ ಎಲ್ಲ ಜಾಲಾಡಿದ್ದಾಯಿತು. ಇದಕ್ಕೂ ಬೈಸಿಕೊಂಡವಳು ಮಗಳೇ.

"ಈ ಮನೇಲಿ ಎಲ್ಲದಕ್ಕೂ ನಾನೇ ಸಿಗೋದು ನಿಮ್ಗೆ," ಅಂದಳು.

ಅತ್ತೆ ಎದ್ದು, "ಸ್ವಲ್ಪ ವಾಕಿಂಗ್ ಹೋಗ್ಬರ್ತೀನಿ," ಅಂತ ಸ್ವೆಟರ್ ಹಾಕಿಕೊಂಡು ಹೊರಟರು. ಜಗಳವಾದಾಗಲೆಲ್ಲ ಅವರಿಗೆ ವಾಕಿಂಗ್ ನೆನಪಾಗುತ್ತದೆ. ಪುಣ್ಯವಂತರು.

ಮಾರ್ಚ್ 15, ಶನಿವಾರ

ಲ್ಯಾಬಿನಲ್ಲಿ ಕರೆಂಟು ಹೋಯಿತೆಂದು ಬೇಗ ಬಂದೆ. ಮನೆಗೆ ಹೋಗುವ ಮೊದಲು ಆ ಹೊಳೆಯುವ ಜಾಗಕ್ಕೆ ಏನಾದರೂ ಮಾಡಲಾದೀತೇ ನೋಡೋಣವೆಂದು ಬೇಸ್‌ಮೆಂಟಿಗೆ ಇಳಿದೆ. ಕಾರಿನೊಳಗಿಂದ ಹಾಡು. ಕಿಟಕಿಯಲ್ಲಿ ಇಣುಕಿದರೆ — ನಾನು ಪಾಲಿಶ್ ಮಾಡಿದ ಜಾಗದ ಮೇಲೆ ಸರಿಯಾಗಿ ಎರಡು ಪಾದ! ಬಿರುಕು ಬಿಟ್ಟ ಹಿಮ್ಮಡಿ. ಸೀಟು ಹಿಂದಕ್ಕೆ. ಮಡಿಲಲ್ಲಿ ಕಡಲೆಕಾಯಿ. ಕಣ್ಣು ಮುಚ್ಚಿ ಹಾಡಿಗೆ ಬೆರಳು ಆಡಿಸುತ್ತಿದ್ದವರು... ಮಂಡಿ ಎತ್ತಲಾಗದ ನಮ್ಮ ಅತ್ತೆ.

ಗಾಜು ತಟ್ಟಿದೆ. ಗಾಬರಿಯಿಂದ ಕಾಲು ಇಳಿಸಿದರು. ಡ್ರೈವರ್ ಸೀಟಿನಲ್ಲಿ ಹೋಗಿ ಕೂತೆ. ಬೈಯಬೇಕೆಂದೇ ಕೂತದ್ದು. ಬಾಯಿಗೆ ಬಂದದ್ದು ಇಷ್ಟೇ.

"ಎಷ್ಟು ದಿನದಿಂದ ಅತ್ತೆ?"

"ಎರಡು ವರ್ಷ ಆಯ್ತೇನೋ. ಅವನಿಗೆ ಹೇಳ್ಬೇಡ ಕಣಮ್ಮ."

"ಮನೇಲಿ ಏನು ಕಮ್ಮಿ ಆಗಿದೆ ನಿಮ್ಗೆ?"

ಅತ್ತೆ ಒಂದು ಕಡಲೆಕಾಯಿ ಒಡೆದರು. "ಏನೂ ಕಮ್ಮಿ ಇಲ್ಲ. ಬಾಗಿಲು ಒಂದಿಲ್ಲ. ಹಾಲ್‌ನಲ್ಲಿ ಮಲಗಿದ್ರೆ ಎಲ್ಲರೂ ನನ್ನ ದಾಟ್ಕೊಂಡೇ ಓಡಾಡ್ತೀರ. ನೀವ್ಯಾರೂ ಏನೂ ಅನ್ನಲ್ಲ, ಸುಳ್ಳು ಹೇಳಬಾರ್ದು. ಆದ್ರೆ ಒಂದು ಹೂಸು ಬಿಡ್ಬೇಕಾದ್ರೂ ಅತ್ತ ಇತ್ತ ನೋಡ್ಬೇಕು ಕಣೆ."

ಇಬ್ಬರೂ ನಕ್ಕೆವು. ಮದುವೆಯಾದ ಮೇಲೆ ನಾವಿಬ್ಬರೇ ಕೂತು ಹೀಗೆ ನಕ್ಕಿದ್ದು ನನಗೆ ನೆನಪಿಲ್ಲ.

"ಮಗೂಗೆ ಬೈಗುಳ ಬಿದ್ದಾಗ ಸುಮ್ನಿದ್ರಲ್ಲ..."

"ಕೀ ಕಿತ್ಕೋತಾನೆ ಅಂತ ಭಯ ಆಯ್ತು," ಅಂದರು. ದನಿ ಸಣ್ಣದಾಯಿತು. "ಇನ್ನು ಮೂರು ದಿನ ತಾನೆ. ಆಮೇಲೆ ಎಲ್ಲಿ ಹೋಗ್ಲಿ ಅಂತ ಅದೇ ಯೋಚ್ನೆ."

ಮಾರ್ಚ್ 18, ಮಂಗಳವಾರ

ಕಾರು ಹೋಯಿತು.

ಪರೀಕ್ಷೆ ಮಾಡುವವನು ಟಾರ್ಚ್ ಹಿಡಿದು ಸುತ್ತು ಹಾಕಿದ. ಹೊರಗೆಲ್ಲ ಸೈ. ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ ಬೆರಳಾಡಿಸಿ ನಿಂತ.

"ಇದೇನ್ ಮೇಡಂ?"

"ಕಾಲಿನ ಗುರುತಿತ್ತು. ಪಾಲಿಶ್ ಮಾಡ್ದೆ."

"ಅಯ್ಯೋ, ಗುರುತೇ ಇದ್ದಿದ್ರೆ ಬಿಟ್ಬಿಡ್ತಿದ್ದೆ. ಬಳಸಿದ ಕಾರು ಅಂದ್ಮೇಲೆ ಅಷ್ಟಿರತ್ತೆ. ಇದನ್ನ ಬರೀಲೇಬೇಕು."

ಬರೆದ. ಇವರು ನನ್ನ ಕಡೆ ನೋಡಿದ ನೋಟ ಬರೆಯುವಂಥದ್ದಲ್ಲ. ಅವನು ಕಾರು ಸ್ಟಾರ್ಟ್ ಮಾಡಿದ್ದೇ ರೇಡಿಯೋ ಬೇಸ್‌ಮೆಂಟ್ ಹಾರಿಹೋಗುವ ಹಾಗೆ ಹಾಡತೊಡಗಿತು. ಹಳೇ ಹಾಡಿನ ಸ್ಟೇಷನ್. "ಯಾರು ಇಟ್ಟಿದ್ದು ಇದನ್ನ?" ಅಂತ ಇವರು ಸಿಡುಕಿದರು. ಮಗಳು ಕೂಡಲೇ ಎರಡೂ ಕೈ ಮೇಲೆತ್ತಿದಳು.

ಅತ್ತೆ ಲಿಫ್ಟಿನ ಹತ್ತಿರ ನಿಂತಿದ್ದವರು ಮೆಲ್ಲಗೆ ಬಂದರು. ಸ್ವೆಟರ್ ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟರು. "ಸೀಟು ಸ್ವಲ್ಪ ಹಿಂದಕ್ಕೆ ಬಾಗ್ಸಿದೀನಿ ಕಣಪ್ಪ. ಹಾಗೇ ಇರ್ಲಿ, ಮುಂದೆ ಕೂರೋರಿಗೆ ಹಾಯಾಗಿರತ್ತೆ."

ಲಿಫ್ಟಿನಲ್ಲಿ ಮಗಳು, "ಹಾಗಾದ್ರೆ ನನಗೆ ಸಾರಿ ಯಾರು ಹೇಳ್ತಾರೆ?" ಅಂದಳು. ಅತ್ತೆ ಅವಳ ಕೈಗೆ ಕಡಲೆಕಾಯಿ ಪೊಟ್ಟಣ ಕೊಟ್ಟರು.

ಮಾರ್ಚ್ 20, ಗುರುವಾರ

ಸಂಜೆ ಅತ್ತೆ ಅಭ್ಯಾಸಬಲದಿಂದ ಕೆಳಗೆ ಹೋದರು. ಹೋದಷ್ಟೇ ಬೇಗ ಬಂದರು. "ಜಾಗ ಖಾಲಿ ಹೊಡೀತಿದೆ," ಅಂತಷ್ಟೇ ಹೇಳಿ ದಿವಾನದ ಮೇಲೆ ಕೂತರು. ಇವರು ಫೋನಿನಲ್ಲಿ ಮಾತಾಡುತ್ತ ಅವರ ಮುಂದೆಯೇ ಅತ್ತಿಂದಿತ್ತ. ನಾನು ಬಟ್ಟೆ ಹಿಡಿದು ಎರಡು ಸಲ. ಮಗಳು ನೀರಿಗೆಂದು ಒಂದು ಸಲ. ಪ್ರತಿಸಲವೂ ಅವರು ಕಾಲು ಮಡಚಿ ದಾರಿ ಬಿಟ್ಟರು.

ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬಿದ್ದಿದೆ, ಹೋಗುತ್ತಿಲ್ಲ. ನನಗೂ ಸಾಕಾಗಿದೆ. ಈ ರೂಮು, ಈ ಚಿಲಕ, ಈ ಅರ್ಧ ಗಂಟೆ ಬಿಟ್ಟರೆ ನನಗೆ ತಾನೆ ಏನಿದೆ?

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಇವರಿಗೆ ಹೇಳಿದೆ. "ರೂಮು ಅತ್ತೆಗೆ ಕೊಡೋಣ."

"ನಾವೆಲ್ಲಿ ಮಲಗೋದು?"

"ಹಾಲ್‌ನಲ್ಲಿ."

"ಹಾಲ್‌ನಲ್ಲಾ? ಎಲ್ಲರೂ ಓಡಾಡೋ ಜಾಗ ಅದು!"

ಹೇಳಿದವರೇ ತಿರುಗಿ ಅತ್ತೆಯ ದಿವಾನದ ಕಡೆ ನೋಡಿದರು. ಆಮೇಲೆ ಹಾಲ್‌ಗೆ ಸಾಗಿಸಲು ನಮ್ಮ ಹಾಸಿಗೆಯ ಒಂದು ತುದಿ ಹಿಡಿದರು. ಅತ್ತೆ ಬೇಡ ಬೇಡ ಅನ್ನುತ್ತಲೇ ತಮ್ಮ ಹಾಸಿಗೆ, ದಿಂಬು, ಸ್ವೆಟರು, ಕಡಲೆಕಾಯಿ ಡಬ್ಬಿ ಸಾಗಿಸಿದರು. ಮಗಳು ತನ್ನ ಹಳೇ ರೇಡಿಯೋ ಕೊಟ್ಟಳು.

ಸಂಜೆ, ಏಳು ಗಂಟೆ

ಒಳಗಿಂದ ಚಿಲಕ ಬಿತ್ತು. ಆಮೇಲೆ ಹಾಡು. ಆಮೇಲೆ ಸಿಪ್ಪೆ ಒಡೆಯುವ ಸದ್ದು. ಗೋಡೆಗೆ ಕಾಲು ಚಾಚಿರುತ್ತಾರೆ, ನನಗೆ ಗೊತ್ತು. ಚಾಚಲಿ. ಆ ಗುರುತನ್ನು ನಾನು ಉಜ್ಜುವುದಿಲ್ಲ.

ದಿವಾನದ ಮೇಲೆ ಕೂತು ಬರೆಯುತ್ತಿದ್ದೇನೆ. ಸಂತೋಷವಾಗಿದೆ ಅಂದರೆ ಪೂರ್ತಿ ನಿಜವಲ್ಲ. ಮಗಳು ಎರಡು ಸಲ ದಾಟಿ ಹೋದಳು. ಎರಡು ಸಲವೂ ಕಾಲು ಮಡಚಿದೆ. ಇವರು ಪೇಪರ್ ಕೆಳಗಿಟ್ಟು ಆಗಿನಿಂದ ಇತ್ತಲೇ ನೋಡುತ್ತಿದ್ದಾರೆ.

"ಏನು ಬರೀತಿದೀಯ ಅಷ್ಟೊಂದು?"

ಏನಿಲ್ಲ ಅಂದೆ. ಎದ್ದು ಬರುತ್ತಿದ್ದಾರೆ. ಇಲ್ಲಿ ಹಾಕಿಕೊಳ್ಳೋಣವೆಂದರೆ ಬಾಗಿಲೇ ಇ—