ತಿದ್ದಿದ ಉತ್ತರ

ನವೆಂಬರ್ 5, ಬುಧವಾರ

ಒಂಬತ್ತಕ್ಕೆ ಲೈಬ್ರರಿ ತೆರೆದೆ. ಪತ್ರಿಕೆ ಜೋಡಿಸಿದೆ. ಹತ್ತಕ್ಕೆ ಕಂಪ್ಯೂಟರ್ ವಿಭಾಗದ ಶೃತಿ ಮೇಡಂ ಬಂದರು. ಇಪ್ಪತ್ತಕ್ಕೆ ನಮ್ಮ ಕೊಳ್ಳೇಗಾಲದ ಕಾಲೇಜಿನಲ್ಲಿ ಹ್ಯಾಕಥಾನ್. ಮೂವರ ತಂಡಗಳು, ಎರಡು ದಿನ, ಕೊಟ್ಟ ಸಮಸ್ಯೆಗೆ ಕಂಪ್ಯೂಟರಿನಲ್ಲಿ ಪರಿಹಾರ ಮಾಡಬೇಕು. ಮಕ್ಕಳ ಪ್ರಶ್ನೆಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಉತ್ತರಿಸಲು ಎಐ ಸಹಾಯಕ ಒಂದನ್ನು ಸಿದ್ಧ ಮಾಡುತ್ತಿದ್ದಾರೆ. ಮಾಹಿತಿ ತುಂಬಿಸುವುದು, ಕನ್ನಡ ನೋಡುವುದು ನನ್ನ ಪಾಲು.

"ಅದರ ಕನ್ನಡ ಯಾಕೋ ಅನುವಾದ ಮಾಡ್ದಂಗಿದೆ ಸರ್. ನೀವು ಓದೋದೂ ಅಂಥದ್ದೇ ತಾನೆ, ಸರಿ ಮಾಡ್ಕೊಡಿ" ಎಂದು ನಕ್ಕರು.

ಓದುವುದು ಅನುವಾದದ ಕಾದಂಬರಿಗಳನ್ನೇ. ಒಳ್ಳೆಯ ಅನುವಾದ ಹಾಗಿರುವುದಿಲ್ಲ. ಒಪ್ಪಿದೆ.

ನವೆಂಬರ್ 8, ಶನಿವಾರ

ಸಹಾಯಕಕ್ಕೆ ಕೊಡುವ ಮಾಹಿತಿಯ ಶೀಟ್ ತುಂಬಿಸಿದೆ. ಹಾಜರಾತಿ ಹತ್ತೂವರೆಯವರೆಗೆ. ಮೂವರೂ ಇರಬೇಕು, ಒಬ್ಬರಿಲ್ಲದಿದ್ದರೂ ತಂಡ ಇಲ್ಲ. ಊಟ, ಹಾಸಿಗೆ, ವೈಫೈ. ಬಸ್ಸುಗಳು — ಹನೂರು, ಯಳಂದೂರು, ಲೊಕ್ಕನಹಳ್ಳಿ, ಗೋಪಿನಾಥಂ. ಬಸ್ ಸ್ಟ್ಯಾಂಡಿನ ಬೋರ್ಡು ನೋಡಿ ಬರೆದುಕೊಂಡು ಬಂದೆ. ಒಂದಂಕಿಯೂ ತಪ್ಪಿಲ್ಲ.

ಯಶೋದ ತೀರಿಕೊಂಡು ಇವತ್ತಿಗೆ ನಾಲ್ಕು ತಿಂಗಳು. ಅವಳ ತಮ್ಮ ಫೋನ್ ಮಾಡಿದ್ದ. "ಭಾವ, ಉಂಡ್ರಾ?" ಉಂಡೆ ಅಂದೆ. ಉಂಡಿದ್ದೆನೋ ಇಲ್ಲವೋ ನೆನಪಿಲ್ಲ.

ನವೆಂಬರ್ 14, ಶುಕ್ರವಾರ

ಸಹಾಯಕ ಶುರುವಾಗಿದೆ. ಶೀಟಿನಲ್ಲಿ ನೇರ ಉತ್ತರವಿಲ್ಲದ ಪ್ರಶ್ನೆ ಬಂದರೆ, ಅದು ಬರೆದ ಕರಡು ನನ್ನ ಫೋನಿಗೆ ಬರುತ್ತದೆ. ತಿದ್ದಿ ಒಪ್ಪಿದರೆ ಮಾತ್ರ ಹೋಗುತ್ತದೆ. ಇವತ್ತು ಮೂವತ್ತೊಂದು ಕರಡು.

ಯಾರೋ ಸ್ನಾನಕ್ಕೆ ಬಿಸಿನೀರು ಕೊಡ್ತೀರಾ ಎಂದು ಕೇಳಿದ್ದ. ಕರಡು: "ನಿಮ್ಮ ಆಸಕ್ತಿಗೆ ಧನ್ಯವಾದಗಳು. ಬಿಸಿನೀರಿನ ಲಭ್ಯತೆಯ ಕುರಿತು..." ಎಲ್ಲ ಹೊಡೆದು "ಆರರಿಂದ ಏಳರವರೆಗೆ ಸಿಗುತ್ತದೆ" ಎಂದು ಹಾಕಿದೆ.

ಗೋಪಿನಾಥಂನಿಂದ ಒಬ್ಬಳು, ಇಪ್ಪತ್ತಕ್ಕೆ ಬೆಳಗಿನ ಬಸ್ಸು ಬರುತ್ತದಾ ಎಂದು. ಕರಡು: "ಸದರಿ ಬಸ್ಸು ಲಭ್ಯವಿರುವ ಸಾಧ್ಯತೆ ಇದೆ. ಆದರೂ ಅಂದಿನ ವ್ಯತ್ಯಾಸಗಳ ಬಗ್ಗೆ ದಯವಿಟ್ಟು ಸ್ಥಳೀಯವಾಗಿ ಖಚಿತಪಡಿಸಿಕೊಳ್ಳಿ." ಮಾತಿಗೆ ಎಷ್ಟು ನೀರು ಬೆರೆಸಿದೆ. ತೆಗೆದೆ. "ಬರುತ್ತದೆ. ಆರೂವರೆಗೆ."

ಎರಡೇ ಪದ. ಕನ್ನಡ ಅನ್ನಿಸಿತು.

ನವೆಂಬರ್ 20, ಗುರುವಾರ, ಸಂಜೆ

ಇಪ್ಪತ್ತೆರಡು ತಂಡ. ಹತ್ತೂವರೆಗೆ ಒಂದರಲ್ಲಿ ಇಬ್ಬರೇ. ಮೂರನೆಯವಳು ಗೋಪಿನಾಥಂನ ಮಹದೇವಿ, ನಮ್ಮದೇ ಕೊನೆಯ ವರ್ಷದ ಬಿಸಿಎ, ಹಾಸ್ಟೆಲಿನಿಂದ ಊರಿಗೆ ಹೋಗಿದ್ದಳು. ಆನೆ ಹೊಲಕ್ಕೆ ಬಂದರೆ ಫೋನಿಗೆ ಸುದ್ದಿ ಕೊಡುವ ಯೋಜನೆ, ಮುಕ್ಕಾಲು ಕೆಲಸ ಅವಳದೇ. ಹನ್ನೊಂದಕ್ಕೆ ಆ ಜಾಗವನ್ನು ಕಾದಿದ್ದ ಯಳಂದೂರಿನ ತಂಡಕ್ಕೆ ಕೊಟ್ಟರು.

ಒಂದು ಗಂಟೆಗೆ ಬಂದಳು. ಎಂಟರವರೆಗೂ ಬಸ್ಸಿಗೆ ಕಾದಿದ್ದಾಳೆ. ದೇವರ ಬೆಟ್ಟದವರೆಗೆ ಮೀನಿನ ಆಟೋ. ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡು.

"ಬಸ್ ಬತ್ತದೆ ಅಂತ ಇದ್ರಲ್ಲೇ ಬಂದದೆ ಸಾ" ಎಂದು ಫೋನ್ ತೋರಿಸಿದಳು.

ಉಸ್ತುವಾರಿ ಮಹದೇವಪ್ರಸಾದ್ ನೋಡಿದರು. "ಇವತ್ತು ಅಮಾಸೆ ಕಣಮ್ಮ. ಬಸ್ಸೆಲ್ಲ ಬೆಟ್ಟದ ಪೂಜೆಗೆ ಹೋಗೋ ಜನಕ್ಕೆ ಬಿಟ್ಟಿರ್ತಾರೆ. ನಿಮ್ಮೂರ್ ಬಸ್ಸು ನಿಂಗೊತ್ತಿಲ್ವಾ? ಫೋನ್ ಕೇಳ್ಕಂಡು ಬರೋದಾ?"

ಹುಡುಗರು ನಕ್ಕರು. ಅವಳ ತಂಡದ ದೀಪಶ್ರೀ, ಶಾಗ್ಯದವಳು, "ನಮ್ಮಜ್ಜೀನ ಕೇಳಿದ್ರೂ ಏಳ್ತಿತ್ತಲ್ಲೇ" ಅಂದಳು. ಮಹದೇವಿ ನಗಲಿಲ್ಲ.

ನಾನು ಅಲ್ಲೇ ಇದ್ದೆ. ಹಾಜರಿ ಪಟ್ಟಿ ನನ್ನ ಕೈಯಲ್ಲೇ ಇತ್ತು.

ನವೆಂಬರ್ 21, ಶುಕ್ರವಾರ

ಹಳೆಯ ಪ್ರಶ್ನೆಗಳನ್ನು ತೆಗೆದು ನೋಡಿದೆ. ಅವಳು ಪೂರ್ತಿ ಬರೆದದ್ದು: "20ಕ್ಕೆ ಗೋಪಿನಾಥಂ ಬೆಳಿಗ್ಗೆ ಬಸ್ಸು ಬತ್ತದಾ ಸಾ. ಅವತ್ತು ಅಮಾಸೆ. ನಮ್ಮಪ್ಪ ಬರಾಕಿಲ್ಲ ಅಂತಾರೆ."

ಉತ್ತರದ ಕನ್ನಡ ಓದಿದ್ದೆ. ಪ್ರಶ್ನೆ ಪೂರ್ತಿ ಓದಿರಲಿಲ್ಲ.

ಅಮಾವಾಸ್ಯೆಯ ಬಸ್ಸಿನ ವಿಷಯ ಈ ಕಡೆ ಎಲ್ಲರಿಗೂ ಗೊತ್ತು. ಅದಕ್ಕೇ ಯಾವ ಬೋರ್ಡಿನಲ್ಲೂ ಬರೆದಿಲ್ಲ. ನನಗೂ ಗೊತ್ತಿತ್ತು. ಯಶೋದ ಇದ್ದಾಗ ತಿಂಗಳಿಗೊಮ್ಮೆ ಅದೇ ನೂಕುನುಗ್ಗಲಿನಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದೆವು. ಈಗ ತಿಥಿಗಳು ಗೊತ್ತಾಗದೆ ಬಂದು ಹೋಗುತ್ತವೆ.

ಶೃತಿ ಮೇಡಂ: "ಎಐ ಹಿಂಗೇ ಸರ್. ಗೊತ್ತಿಲ್ದೆ ಇರೋದನ್ನೂ ಧೈರ್ಯವಾಗಿ ಹೇಳ್ಬಿಡುತ್ತೆ. ರಿಪೋರ್ಟ್‌ನಲ್ಲಿ ಹಾಗೇ ಬರೀತೀನಿ."

ಹೌದು ಅಂದೆ.

ಅದು ಧೈರ್ಯವಾಗಿ ಹೇಳಿರಲಿಲ್ಲ. ಅನುಮಾನಪಟ್ಟಿತ್ತು. ಕೇಳಿ ನೋಡಿ ಅಂದಿತ್ತು.

ನವೆಂಬರ್ 27, ಗುರುವಾರ

ದೀಪಶ್ರೀ ಮೂರು ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಮಹದೇವಿಯ ಹೆಸರಿನಲ್ಲಿ ಹೋಗಿದ್ದವು.

"ಅವ್ಳು ಬರಾಕಿಲ್ವಂತೆ ಸಾ. ನಂಗೆ ಬುದ್ಧಿ ಇಲ್ಲ ಅಂತ ಎಲ್ರಿಗೂ ಗೊತ್ತಾಯ್ತಲ್ಲ, ಇನ್ಯಾಕೆ ಅಂತಾಳೆ. ನಾನೂ ಅಂಗನ್ಬಾರ್ದಿತ್ತು."

"ಸೋಮವಾರ ಇಂಟರ್ನಲ್ಸ್ ಇದೆಯಲ್ಲ?"

"ಬರೀದಿದ್ರೆ ವರ್ಸ ಓಯ್ತದೆ. ಏಳ್ದೆ ಸಾ."

ಪುಸ್ತಕ ಜಮಾ ಮಾಡಿಕೊಂಡೆ. ಮೂರು ಸಲ ಫೋನ್ ಮಾಡಿದೆ. ಸಿಗ್ನಲ್ ಇಲ್ಲ.

ನವೆಂಬರ್ 29, ಶನಿವಾರ

ಶೃತಿ ಮೇಡಂಗೆ ಮೆಸೇಜ್ ಹಾಕಿದೆ: ಬಸ್ಸಿನ ಉತ್ತರ ಎಐದಲ್ಲ, ತಿದ್ದಿದ್ದು ನಾನು, ರಿಪೋರ್ಟ್ ಬದಲಿಸಿ. ನೀಲಿ ಗೀಟು ಬಂತು. ಉತ್ತರ ಬಂದಿಲ್ಲ.

ಹುಡುಗಿಗೆ ಮೆಸೇಜ್ ಸಾಲದು. ಅವಳು ನಂಬಿ ಕೆಟ್ಟದ್ದೇ ಮೆಸೇಜನ್ನು.

ನವೆಂಬರ್ 30, ಭಾನುವಾರ, ಗೋಪಿನಾಥಂ

ಬಸ್ಸಿನಲ್ಲಿ ಮೂರೂವರೆ ತಾಸು. ಮನೆಯ ದಾರಿ ಯಾರೋ ಅರ್ಧ ತಮಿಳಿನಲ್ಲಿ ಹೇಳಿದರು. ತಂದೆ ದೊಡ್ಡಮಾದ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ.

"ಕಾಲೇಜವ್ರಾ? ಕುಂತ್ಕಳಿ ಸಾ. ಅವ್ಳು ನೆಲ್ಲಿಕಾಯ್ಗೆ ಓಗವ್ಳೆ. ಬತ್ತಾಳೆ."

ಟೀ ಕೊಟ್ಟ. ನಾಲಿಗೆ ಸುಟ್ಟಿತು.

"ಅಮಾಸೆ ಬಸ್ ಬರಾಕಿಲ್ಲ ಕಣವ್ವ ಅಂತ ನಾನ್ ಏಳ್ದೆ. ಕಾಲೇಜೇ ಬತ್ತದೆ ಅಂದದೆ, ನಿಂಗೇನಪ್ಪ ಗೊತ್ತು ಅಂದ್ಲು. ಈಗ ನನ್ ಮಕ ನೋಡಾಕೂ ನಾಚ್ಕತಾಳೆ. ನಾನೇನೂ ಅಂದಿಲ್ಲ ಸಾ." ದಾರ ಹಲ್ಲಿನಲ್ಲಿ ಕಡಿದ. "ಆ ಮಿಸೀನು ಎಲ್ಲದೆ? ಸಿಕ್ಕಿದ್ರೆ ನಾಕ್ ಬಿಡ್ತಿದ್ದೆ."

ನಗುತ್ತಲೇ ಅಂದ. ನಾನು ಲೋಟ ಕೆಳಗಿಟ್ಟೆ.

ಮೊದಲು ಅವಳಿಗೆ ಹೇಳಬೇಕು, ಆಮೇಲೆ ಅವನಿಗೆ. ಸಂಜೆ ನಾಲ್ಕಕ್ಕೆ ವಾಪಸ್ ಬಸ್ಸಿದೆ. ಕಂಡಕ್ಟರನ್ನು ಕೇಳಿ, ಅಂಗಡಿಯಲ್ಲೂ ಕೇಳಿದ್ದೇನೆ. ನನ್ನ ಜೊತೆ ಬಂದರೆ ಅವಳು ನಾಳೆ ಪರೀಕ್ಷೆಯಲ್ಲಿರುತ್ತಾಳೆ. ಮಾತು ತಪ್ಪದಿರಲಿ ಎಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಅಮ್ಮಾ, ಆ ಉತ್ತರ ಬರೆದದ್ದು ನಾನು. ನೀನು ಅಮಾಸೆ ಅಂತ ಬರೆದಿದ್ದೆ. ನಾನು ಓದಲಿಲ್ಲ. ಬುದ್ಧಿ ಇಲ್ಲದ್ದು ನಿನಗಲ್ಲ, ನನ

"ಬಂದ್ಲು" ಅಂದ ದೊಡ್ಡಮಾದ. ತಲೆಯ ಮೇಲೆ ಚೀಲ. ನನ್ನನ್ನು ನೋಡಿ ಬೇಲಿಯ ಹತ್ತಿರವೇ ನಿಂತಿದ್ದಾಳೆ. ಎದ್ದು —