ಆಸ್ಟಿನ್ ಕಾರಿನ ಪಂಪು, ನನ್ನ ಪರೀಕ್ಷೆ

ಹರಿಹರ
ಸೋಮವಾರ, ೯ ಮಾರ್ಚ್ ೧೯೬೪

ಪ್ರೀತಿಯ ಅಬ್ಬಾ,

ನಿಮ್ಮ ಮಗಳು ಮಾಸೂಮಾಳ ಸಲಾಂ. ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿನಲ್ಲಿ ನೀರು ಸುರಿಯುವುದು ನಿಂತಿತೇ? ತಲೆ ಅಲ್ಲಾಡಿಸಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ನೀವೋ ಮಾತಿಗೊಮ್ಮೆ ತಲೆ ಅಲ್ಲಾಡಿಸುವವರು, ಅಮ್ಮಿ ಪಕ್ಕದಲ್ಲೇ ಕೂತು ಹಿಡಿದುಕೊಂಡಿರಬೇಕು ಅಷ್ಟೆ. ಬೊಂಬಾಯಿಯ ಸೆಕೆಯಲ್ಲಿ ಪಟ್ಟಿ ಕಟ್ಟಿಕೊಂಡು ಮಲಗುವುದು ಎಷ್ಟು ಕಷ್ಟವೋ. ಈ ಕಾಗದವನ್ನು ಮುನಾಫ್ ಮಾಮಾ ಓದಿ ಹೇಳುತ್ತಾರೆಂದು ಗೊತ್ತು. ಮಾಮಾ, ಬೇಸರದ ಸಾಲು ಬಂತೆಂದು ಹಾರಿಸಬೇಡಿ, ಪ್ಲೀಸ್, ಎಲ್ಲವನ್ನೂ ಓದಿ. ಇಲ್ಲಿ ಎಲ್ಲರೂ ಆರಾಮ. ದಾದಿಯ ಮಂಡಿನೋವು ಇದ್ದಂತೆಯೇ ಇದೆ. ಕುತುಬುದ್ದೀನ್ ಚಾಚಾ ಕಟ್ಟಿಗೆ ಅಡ್ಡೆ ನೋಡಿಕೊಳ್ಳುತ್ತಿದ್ದಾರೆ, ಮನೆ ನೋಡಿಕೊಳ್ಳುತ್ತಿದ್ದಾರೆ, ನನ್ನನ್ನಂತೂ ಬಹಳವೇ ನೋಡಿಕೊಳ್ಳುತ್ತಿದ್ದಾರೆ. ಆರಾಮ ಇಲ್ಲದ್ದು ನಮ್ಮ ಆಸ್ಟಿನ್ ಒಂದೇ. ಅದರಿಂದಾಗಿ ನಾನೂ ಆರಾಮ ಇಲ್ಲ.

ಮಾಮಾಗೆ ಪೂರ್ತಿ ಕಥೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ನಾನು ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಮೆಟ್ರಿಕ್ ಮುಗಿಸಿ ಬಂದಾಗ, ಇನ್ನು ಓದು ಸಾಕು ಎಂದು ದಾದಿ ಕೂತುಬಿಟ್ಟಿದ್ದರು. ಹಾಸ್ಟೆಲಿಗೆ ನಾಲ್ಕು ಕಡೆ ಗೋಡೆ ಇತ್ತು, ದಾವಣಗೆರೆಯ ಕಾಲೇಜಿಗೆ ಗೋಡೆ ಎಲ್ಲಿದೆ ಎಂಬುದು ಅವರ ವಾದ. ಆಗ ನೀವು ಮಾತು ಕೊಟ್ಟಿರಿ: ಹುಡುಗಿ ನಮ್ಮದೇ ಕಾರಿನಲ್ಲಿ, ಕಿಟಕಿಗಳಿಗೆ ಪರದೆ ಕಟ್ಟಿ, ಡ್ರೈವರ್ ಹಯಾತ್ ಸಾಬರ ಜೊತೆ ಹೋಗಿ ಬರುತ್ತಾಳೆ, ಬಸ್ಸು ಬೇಡ, ರೈಲು ಬೇಡ. ಆ ಮಾತಿನಿಂದಲೇ ನಾನು ಪಿ.ಯು.ಸಿ. ಸೇರಿದೆ. ಅದನ್ನು ನಾನು ಮರೆತಿಲ್ಲ. ಆದರೆ ಅಬ್ಬಾ, ನನ್ನ ಓದು ಪೂರ್ತಿಯಾಗಿ ಆ ಕಾರಿನ ಹೊಟ್ಟೆಯಲ್ಲಿರುವ ಅಂಗೈಯಷ್ಟು ಸಾಮಾನಿನ ಮೇಲೆ ನಿಂತಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಆ ಸಾಮಾನಿಗೆ ಎ.ಸಿ. ಪಂಪು ಅನ್ನುತ್ತಾರೆ. ಪೆಟ್ರೋಲ್ ಇರುವುದು ಕಾರಿನ ಹಿಂದಿನ ಟ್ಯಾಂಕಿನಲ್ಲಿ, ಇಂಜಿನ್ ಇರುವುದು ಮುಂದೆ. ಹಿಂದಿನಿಂದ ಮುಂದಕ್ಕೆ ಎಳೆದುಕೊಡುವುದು ಈ ಪಂಪು. ಅದರೊಳಗೆ ರಬ್ಬರ್ ಬಟ್ಟೆಯ ಒಂದು ಪದರ ಇರುತ್ತದೆ, ನಮ್ಮದು ಹಳೆಯದಾಗಿ ಬಿರಿದಿದೆ. ಬೆಳಿಗ್ಗೆ ತಂಪಿನಲ್ಲಿ ಕಾರು ಒಳ್ಳೇ ಹುಡುಗನ ಹಾಗೆ ಹೊರಡುತ್ತದೆ, ಬಿಸಿಲೇರಿದ ಕೂಡಲೇ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಹೊಸದು ಹಾಕಿಸೋಣ ಅಂದರೆ ಹಯಾತ್ ಸಾಬರು ಮುಖ ಸಿಂಡರಿಸುತ್ತಾರೆ. ನಮ್ಮ ಮನೆಯಲ್ಲಿ ಯಾವುದನ್ನೂ ಬದಲಾಯಿಸುವ ಪದ್ಧತಿಯೇ ಇಲ್ಲವಲ್ಲ, ಎಲ್ಲಕ್ಕೂ ತೇಪೆ. ಅವರು ಪಂಪಿಗೆ ಒದ್ದೆ ಗೋಣಿ ಸುತ್ತಿದರು. ಸೋರುವ ಕಡೆ ಬಟ್ಟೆ ಸೋಪು ಮೆತ್ತಿದರು. ಯಾರದೋ ಹಳೇ ರೇನ್‌ಕೋಟ್ ಕತ್ತರಿಸಿ ಒಳಗೆ ಹೊಲಿದರು, ಅದು ಒಂದು ವಾರವೂ ಬಾಳಲಿಲ್ಲ. ದಾದಿ ದರ್ಗಾದಿಂದ ದಾರ ತರಿಸಿ ಪಂಪಿಗೇ ಕಟ್ಟಿಸಿದರು, ಸುಳ್ಳಲ್ಲ. ಕೊನೆಗೆ ಹಯಾತ್ ಸಾಬರು ಪಂಪಿನ ಹಂಗೇ ಬೇಡವೆಂದು, ಕಾರಿನ ತಲೆಯ ಮೇಲೆ ಪೆಟ್ರೋಲ್ ಡಬ್ಬಿ ಕಟ್ಟಿ ನಳಿಗೆಯಲ್ಲಿ ನೇರವಾಗಿ ಇಂಜಿನಿಗೆ ಇಳಿಬಿಡುತ್ತೇನೆ ಅಂದರು. ಆಗ ದಾದಿ ಕಟ್ಟೆಯಿಂದಲೇ, “ಏನೋ ಹಯಾತ್, ಹುಡುಗೀನ ಸುಟ್ಟು ಕಾಲೇಜಿಗೆ ಕಳಿಸ್ತೀಯೇನು?” ಎಂದು ಕೂಗಿದರು. ಇಷ್ಟು ದಿನಗಳಲ್ಲಿ ದಾದಿ ನನ್ನ ಪರವಾಗಿ ಆಡಿದ ಮೊದಲ ಮಾತು ಅದು.

ಇನ್ನು ಮಾಮಾ ಕಳಿಸಿದ ಪಂಪಿನ ವಿಷಯ. ಮಾಮಾ, ನಿಮ್ಮ ಮೇಲೆ ಸಿಟ್ಟಿಲ್ಲ, ತಪ್ಪು ನಮ್ಮ ಮನೆಯದೇ. ದಾವಣಗೆರೆಯ ಗ್ಯಾರೇಜುಗಳಲ್ಲಿ “ಈ ಮುದುಕಿಗೆ ಹೊಂದೋದು ಇಲ್ಲೆಲ್ಲಿ ಸಿಗಬೇಕ್ರಿ, ಬೊಂಬಾಯಿಗೆ ಬರೀರಿ” ಅಂದರು. ಹಾಗಾಗಿ ಮಾದರಿಗೆಂದು ಹಳೇ ಪಂಪನ್ನೇ ಬಿಚ್ಚಿ, ಬಟ್ಟೆ ಸುತ್ತಿ, ಅಬ್ಬಾಗೆ ಕಳಿಸುವ ಗಂಟಿನಲ್ಲಿ ಇಟ್ಟಿದ್ದೆವು. ಆದರೆ ಅದೇ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇತ್ತು. ರೊಟ್ಟಿಗೆ ಪೆಟ್ರೋಲ್ ನಾತ ಹತ್ತುತ್ತದೆಂದು ದಾದಿ ಪಂಪನ್ನು ಮೆಲ್ಲಗೆ ತೆಗೆದು ಬಚ್ಚಲ ಗೂಡಿನಲ್ಲಿಟ್ಟು, ಗಂಟು ಕಟ್ಟಿಬಿಟ್ಟರು. ನಿಮಗೆ ರೊಟ್ಟಿ ತಲುಪಿತು, ಪಂಪು ತಲುಪಲಿಲ್ಲ; ಅದನ್ನೇ ಮತ್ತೆ ಕಾರಿಗೆ ಹಾಕಿ ಓಡಿಸುತ್ತಿದ್ದೇವೆ. ನೀವು ಕಾರಿನ ಹೆಸರಷ್ಟೇ ಹೇಳಿ ಕೊಂಡು ಕಳಿಸಿದ್ದು ಬೇರೆ ಆಸ್ಟಿನ್ನಿನದು, ಇಂಜಿನ್ ಒಳಕ್ಕೆ ಹೋಗುವ ಅದರ ಕೈ ನಮ್ಮದಕ್ಕಿಂತ ಒಂದು ಬೆರಳು ಗಿಡ್ಡ. ನಾನು ಅಳತೆಯ ಚಿತ್ರ ಬರೆದು ಕಳಿಸಿದ ಮೇಲೆ ಇನ್ನೊಂದು ಕಳಿಸಿದ್ದೇನೆಂದು ಬರೆದಿದ್ದೀರಿ. ಅದಿನ್ನೂ ಬಂದಿಲ್ಲ. ಪೋಸ್ಟ್‌ಮ್ಯಾನ್ ಮೈಲಪ್ಪ ನನ್ನನ್ನು ಕಂಡರೆ ಈಗ ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ.

ಹೋದ ಗುರುವಾರ ನಡೆದದ್ದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯದೆ ಇರಲಾರೆ. ಅಂದು ಕೆಮಿಸ್ಟ್ರಿ ಪ್ರಾಕ್ಟಿಕಲ್ ಟೆಸ್ಟ್ ಇತ್ತು. ಹರಿಹರ ಬಿಟ್ಟು ಅರ್ಧ ದಾರಿಯಲ್ಲಿ, ಒಂದು ಮರವೂ ಇಲ್ಲದ ಕಡೆ, ಕಾರು ನಿಂತಿತು. ಹಯಾತ್ ಸಾಬರು ನೀರು ಹುಡುಕಿಕೊಂಡು ಹೋದರು. ನಾಲ್ಕೂ ಕಡೆ ಪರದೆ, ನಾನು ಬುರ್ಖಾದಲ್ಲಿ, ಒಳಗೆ ಇಡ್ಲಿ ಬೇಯುವ ಹಾಗೆ ಬೇಯುತ್ತಿದ್ದೆ. ಎಷ್ಟು ನರ್ವಸ್ ಆಗಿದ್ದೆನೆಂದರೆ ಓದಿದ ಸಾಲ್ಟ್ ಅನಾಲಿಸಿಸ್ ಪೂರ್ತಿ ಮರೆತುಹೋಯಿತು. ಹೊರಗೆ ಒಂದು ಗಾಡಿ ನಿಂತ ಸದ್ದು. ಯಾರೋ ಗಂಡಸರು, “ಒಳಗ ಪೇಷಂಟ್ ಐದಾರೇನ್ರಿ? ಎತ್ತಿನ ಗಾಡ್ಯಾಗ ಮಲಗಿಸ್ಕೊಂಡು ಹೋಗಣೇನ್ರಿ?” ಅಂದರು. ನಾನು ಸೀಟಿನ ಮೂಲೆಗೆ ಸರಿದು ಕೂತೆ. ಇನ್ನೊಬ್ಬ, “ಮಾತಿಲ್ಲ ಕತಿ ಇಲ್ಲ, ಬರೇ ಸಾಮಾನು ಇರಬೇಕಲೇ” ಅಂದ. ನಗಬೇಕೋ ಅಳಬೇಕೋ ಹೇಳಿ ಅಬ್ಬಾ. ಸಾಮಾನೇ ಆಗಿದ್ದರೆ ಗಾಡಿಯಲ್ಲಿ ಹೇರಿಕೊಂಡಾದರೂ ಟೆಸ್ಟಿಗೆ ಮುಟ್ಟಿಸುತ್ತಿದ್ದರು. ನಾನು ಲ್ಯಾಬಿಗೆ ಹೋಗುವಷ್ಟರಲ್ಲಿ ಎಲ್ಲರೂ ಟೆಸ್ಟ್‌ಟ್ಯೂಬ್ ತೊಳೆದಿಡುತ್ತಿದ್ದರು. ಹಾಲೇಶಪ್ಪ ಮೇಷ್ಟ್ರು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಅಟೆಂಡೆನ್ಸ್ ಈಗಲೇ ಅಂಚಿನಾಗೈತಮ್ಮ. ಇನ್ನು ಹಿಂಗಾದ್ರ ಹಾಲ್ ಟಿಕೆಟ್ ನನ್ನ ಕೈಯಾಗಿರಲ್ಲ” ಅಂದರು.

ಮನೆಗೆ ಬಂದು ಅತ್ತರೆ ಚಾಚಾ ಊಟದ ಮುಂದೆ ಕೂತು, “ಕಾರೇ ಬ್ಯಾಡ ಅಂತೈತೆ, ನಿನಗ್ಯಾಕವ್ವ ಹಠ? ಮುಂದಿನ ವರ್ಷ ನೋಡಿದ್ರಾತು” ಅಂದರು. ಮುಂದಿನ ವರ್ಷ ಎಂದರೆ ಏನೆಂದು ನನಗೂ ಗೊತ್ತು, ನಿಮಗೂ ಗೊತ್ತು. ಮಾಯಕೊಂಡದ ಅವರ ಮಾವನ ಮನೆಯ ಕಡೆಯಿಂದ ಆಗಲೇ ಎರಡು ಸಲ ನನಗೆ ಸಂಬಂಧ ಕೇಳಿಸಿದ್ದಾರೆ. ಮರುದಿನ ನಮಗೆ ಮೊಸರು ಹಾಕುವ ದ್ಯಾಮವ್ವ ಎಲ್ಲ ಕೇಳಿಸಿಕೊಂಡು, “ಅಲ್ರೀ ಅಮ್ಮಾರೆ, ದಿನಾ ನಾ ಮೊಸರಿನ ಗಡಿಗಿ ಹೊತ್ಕಂಡು ದಾವಣಗೆರೆಗೆ ರೈಲಿನಾಗೆ ಹೋಗಲ್ಲೇನ್ರಿ? ಹೆಣ್ಣುಮಕ್ಕಳ ಡಬ್ಬಿ ಬ್ಯಾರೇನೇ ಐತೆ” ಎಂದಳು. ದಾದಿ ತಸ್ಬಿಯ ಮಣಿ ಎಣಿಸುತ್ತಾ ಕೇಳುತ್ತಿದ್ದರು. ಚಾಚಾ ಮಾತ್ರ, “ಅಣ್ಣನ ಮಾತು ಅಂದ್ರ ಮಾತು” ಎಂದು ಎದ್ದು ಹೋದರು. ನಿಮ್ಮ ಮಾತನ್ನು ಎಷ್ಟು ಚೆನ್ನಾಗಿ ಕಾಯುತ್ತಿದ್ದಾರೆಂದರೆ, ಅದು ಯಾರಿಗಾಗಿ ಕೊಟ್ಟ ಮಾತು ಎಂಬುದೇ ಅವರಿಗೆ ಮರೆತುಹೋಗಿದೆ.

ಇಷ್ಟೆಲ್ಲ ಬರೆದು ನಿಮ್ಮ ಮನಸ್ಸು ಕೆಡಿಸಿದ್ದಕ್ಕೆ ಸಾರಿ. ಪಂಪಿನ ಪಾರ್ಸೆಲ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಮಾಮಾ ಒಮ್ಮೆ ವಿಚಾರಿಸಲಿ. ನೀವು ಬೇಗ ಗುಣವಾಗಿ ಬನ್ನಿ, ಮನೆ ಬಿಕೋ ಅನ್ನುತ್ತಿದೆ. ಅಮ್ಮಿಗೆ ನನ್ನ ಸಲಾಂ, ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳಿ. ದಾದಿ ನಿಮ್ಮಿಬ್ಬರಿಗೂ ದುವಾ ಹೇಳಿದ್ದಾರೆ. ಹಯಾತ್ ಸಾಬರು ಸಲಾಂ ಹೇಳುತ್ತಾ, ಇಂಜಿನ್ನಿನಲ್ಲಿ ದೋಷವಿಲ್ಲ, ಪೆಟ್ರೋಲಿನಲ್ಲೇ ನೀರು ಕಲಸುತ್ತಿದ್ದಾರೆ ಎಂದು ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ.

ನಿಮ್ಮ ಮಗಳು,
ಮಾಸೂಮಾ

ಮರೆತ ಮಾತು, ಬುಧವಾರ ಸಂಜೆ: ಟಪಾಲು ಹೋಗುವ ಹೊತ್ತು, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ಪಂಪು ಬಂತು, ಮಾಮಾ, ಈ ಸಲ ಸರಿಯಾದದ್ದೇ. ಹಯಾತ್ ಸಾಬರು ಮಧ್ಯಾಹ್ನವೇ ಹಾಕಿದರು, ಕಾರು ಉರಿಬಿಸಿಲಿನಲ್ಲಿ ಊರು ಸುತ್ತಿ ಬಂದರೂ ಒಂದು ಸಲವೂ ಕೆಮ್ಮಲಿಲ್ಲ. ನಾನು ಕುಣಿದಾಡಿದೆ. ಸಂಜೆಗೆ ಚಾಚಾ ಅದನ್ನು ಹತ್ತಿ, ಹಯಾತ್ ಸಾಬರನ್ನೂ ಕೂರಿಸಿಕೊಂಡು, ಮಾವನ ಮನೆಯ ಮದುವೆಗೆಂದು ಮಾಯಕೊಂಡಕ್ಕೆ ಹೋದರು, ಭಾನುವಾರ ಬರುತ್ತಾರಂತೆ. ಕಾಲೇಜು ಹೇಗೆ ಎಂದು ಕೇಳಿದ್ದಕ್ಕೆ, “ಇಷ್ಟು ದಿನ ತಡಕೊಂಡಿಲ್ಲೇನು?” ಅಂದರು. ಅಬ್ಬಾ, ಇವತ್ತು ನಾನು ದ್ಯಾಮವ್ವನ ಜೊತೆ ರೈಲಿನಲ್ಲಿ ಕಾಲೇಜಿಗೆ ಹೋಗಿ ಬಂದೆ. ಹೆಣ್ಣುಮಕ್ಕಳ ಡಬ್ಬಿ, ಬುರ್ಖಾ ತೆಗೆಯಲಿಲ್ಲ, ಮೊದಲ ಗಂಟೆಗೇ ಕ್ಲಾಸಿನಲ್ಲಿದ್ದೆ. ಹೊರಡುವಾಗ ದಾದಿ ನೋಡಿದರು. ತಡೆಯಲಿಲ್ಲ, “ಛತ್ರಿ ತಗೊಂಡು ಹೋಗು, ಬಿಸ್ಲು ಬಾಳ ಐತೆ” ಅಂದರು, ಅಷ್ಟೆ. ಕಾರು ವಾಪಸು ಬಂದರೂ ನನಗೆ ಬೇಡ, ಅದನ್ನು ಚಾಚಾನೇ ಇಟ್ಟುಕೊಳ್ಳಲಿ. ಪರೀಕ್ಷೆ ಇಪ್ಪತ್ಮೂರಕ್ಕೆ ಶುರು. ಅಷ್ಟರೊಳಗೆ ನಿಮ್ಮ ಒಪ್ಪಿಗೆ ಬಂದರೆ ಜಗತ್ತೇ ಸಿಕ್ಕಿದಷ್ಟು ಸಂತೋಷ. ಬಾರದಿದ್ದರೂ ನಾನು ಹೋಗಿರುತ್ತೇನೆ. ಬೈಯುವುದಿದ್ದರೆ ಕೊನೆಯ ಪೇಪರ್ ಮುಗಿದ ಮೇಲೆ ಬೈಯಿರಿ, ತಲೆ ತಗ್ಗಿಸಿ ಕೇಳುತ್ತೇನೆ.