ಮಗ್ಗದ ಹಿಂದಿನ ಜಾಗ

ಜನವರಿ 12, ಸೋಮವಾರ

ಬೆಳಗಿನಿಂದ ಮಗ್ಗದ ಹಿಂದೆ. ಅಮ್ಮ ಮುಂದೆ ಕುಳಿತು ಜಮಖಾನೆ ನೇಯುತ್ತಾಳೆ, ನಾನು ಹಿಂದಿನಿಂದ ನೂಲಿನ ಉಂಡೆ ಕೊಡುತ್ತೇನೆ. ಹತ್ತು ವರ್ಷದವಳಿದ್ದಾಗಲೂ ಇದೇ ಜಾಗ. ತಲಾಕ್ ಆಗಿ ನವಲಗುಂದಕ್ಕೆ ಮರಳಿ ಐದು ತಿಂಗಳು, ಇನ್ನೂ ಇದೇ. ಮುಂದಿನ ಜಾಗ ಸೊಸೆಯದು. ಮಗಳಿಗೆ ಕಲಿಸಿದರೆ ಕಸುಬು ಬೇರೆ ಮನೆ ಸೇರುತ್ತದೆ ಅಂತ ನಮ್ಮ ಮನೆಯ ರೂಢಿ. ನನಗೀಗ ಬೇರೆ ಮನೆ ಎಲ್ಲಿದೆ?

ಇಣುಕಿದೆ. "ನೂಲು ಕೊಡು. ಕಣ್ಣು ಕೊಡಬ್ಯಾಡ," ಅಂದಳು.

ಜನವರಿ 16

ತಮ್ಮ ಹಾರೂನನ ನಿಕಾ ಗಟ್ಟಿಯಾಯಿತು. ಹುಡುಗಿ ಅಣ್ಣಿಗೇರಿಯವಳು.

"ಇನ್ನ ಮಗ್ಗದ ಖೋಲಿ ಆಕಿದು," ಅಂದಳು ಅಮ್ಮ.

"ಮತ್ತ ನನ್ನ ಹಾಸಿಗಿ?"

"ಪಡಸಾಲಿ ಐತಲ್ಲಬೇ."

ಪಡಸಾಲೆ... ಬಂದವರು ಚಪ್ಪಲಿ ಬಿಟ್ಟು ಕೂಡುವ ಜಾಗ. ಬಂದವರಿಗೆ ಕೂಡ್ರು ಅನ್ನುತ್ತಾರೆ, ಮನೆಯವರಿಗೆ ಏಳು ಅನ್ನುತ್ತಾರೆ. ನಾನು ತಡವಾಗಿ ಎದ್ದರೂ ಯಾರೂ ಬೈಯುವುದಿಲ್ಲ. ಅದೇ ಹೆದರಿಕೆ.

ಜನವರಿ 21, ಮಧ್ಯಾಹ್ನ

ಅಮ್ಮನ ಬಲಭುಜ ಹಿಡಿಯಿತು. ಕೈ ಮೇಲೆ ಏಳಲಿಲ್ಲ. ಹಾರೂನ್ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಎರಡು ದಿನ ಅಲ್ಲೇ ಅಂತೆ. ಜಮಖಾನೆ ಅರ್ಧಕ್ಕೆ ನಿಂತಿದೆ. ಕೆಳಗಿನ ನವಿಲು ಮುಗಿದಿದೆ, ಮೇಲಿನದು ಬಾಕಿ.

ಬಾಗಿಲ ಚಿಲಕ ಹಾಕಿದೆ. ಮುಂದೆ ಕುಳಿತೆ.

ಜನವರಿ 22, ಸಂಜೆ

ನವಿಲು ಆಯಿತು! ಕೈ ಎಲ್ಲೂ ತಡೆಯಲಿಲ್ಲ. ಎದ್ದು ದೂರ ನಿಂತು ನೋಡಿದೆ. ಅಮ್ಮನ ನವಿಲು ಬಾಗಿಲ ಕಡೆ ನೋಡುತ್ತಿದೆ. ನನ್ನದು ಗೋಡೆ ಕಡೆ. ಇಷ್ಟು ವರ್ಷ ಹಿಂದಿನಿಂದ ನೋಡಿ ಕಲಿತದ್ದು, ತಿರುಗಾಮುರುಗಾ ಬಂದಿದೆ.

ಬೆಳಿಗ್ಗೆ ಬಿಚ್ಚಬೇಕು.

ಜನವರಿ 23

ಬಿಚ್ಚುವ ಮೊದಲೇ ಬಂದರು. ಕತ್ತರಿ ಕೈಯಲ್ಲೇ ಇತ್ತು.

"ಆಪಾ, ನಿನ್ನ ನವಿಲು ಸಿಟ್ಟಾಗೇತೇನ?" ಹಾರೂನ್ ನಕ್ಕ.

ಅಮ್ಮ ನಗಲಿಲ್ಲ. "ಹಿಂದ ನಿಂತು ಕಲ್ತೀದಿ," ಅಂದಳು, ಅಷ್ಟೇ. ಕತ್ತರಿ ಕಸಿದುಕೊಂಡಳು. ಖೋಲಿಗೆ ಕೀಲಿ ಹಾಕಿದಳು.

ಜನವರಿ 26

ಮೂರು ದಿನದಿಂದ ಮಾತಿಲ್ಲ. ರೊಟ್ಟಿ ಬಡಿಯುತ್ತೇನೆ, ತಿನ್ನುತ್ತಾಳೆ. ಅರಿವೆ ಚೀಲಕ್ಕೆ ತುಂಬಿದೆ. ಹೋಗುವುದು ಎಲ್ಲಿಗೆ... ಗೊತ್ತಿಲ್ಲ.

ಜನವರಿ 27, ಬೆಳಿಗ್ಗೆ 9

ಖೋಲಿ ತೆರೆದಿದೆ. ನವಿಲು ಹಾಗೇ ಇದೆ. ಅದರ ಮೇಲೆ ಎರಡು ಗೆರೆ ನೇಯ್ದಿದ್ದಾಳೆ ಅಮ್ಮ, ಎಡಗೈಯಲ್ಲಿ, ಸೊಟ್ಟಗೆ.

"ಕೈ ಏಳವಲ್ದು," ಅಂದಳು, ನನ್ನ ಕಡೆ ನೋಡದೆ. "ಬರೂ ಹುಡುಗಿಗೆ ಯಾರು ಕಲಸೋರು?"

ಆ ಸೊಟ್ಟ ಗೆರೆಗಳ ಮೇಲೆ ಬೆರಳಾಡಿಸಿದೆ.

"ಮೈಮುನಾ, ಚೀಲ ಬಿಚ್ಚಿಟ್ಟು ಬಾ. ಈ ಕಡಿಂದ ಹ್ಯಾಂಗ ಕಾಣತೈತಿ ನೋಡು."

ಚೀಲ ಬಿಚ್ಚಲು ಬಂದವಳು ಇದನ್ನು ಬರೆಯುತ್ತಿದ್ದೇನೆ. ಪಡಸಾಲೆಯಿಂದ ಖೋಲಿ ಕಾಣುತ್ತದೆ. ಮಗ್ಗದ ಮುಂದೆ ಇಬ್ಬರಿಗೆ ಜಾಗ ಸಾಲದು. ಅಮ್ಮ ಸರಿದು ಗೋಡೆಗೆ ಒತ್ತಿಕೊಂಡು ಕುಳಿತಿದ್ದಾಳೆ. ನೋಯುವ ಭುಜವೇ ಗೋಡೆಗೆ —